ಸ್ವೀಡನ್ ಚೀಟಿ

ಧಾರವಾಡದ ಬಜಾರಿನಲ್ಲಿ ಬದನೆಕಾಯಿ ಆರಿಸುತ್ತಿರುವಾಗ ಹಿಂದಿನಿಂದ ಯಾರಾದರೂ ಬಂದು, "ಸರ್, ಗುರ್ತ ಸಿಕ್ತೇನ್ರಿ? ನಾ ಜರ್ಮನಿ" ಎಂದರೆ ನನಗೆ ಆಶ್ಚರ್ಯವಾಗುವುದಿಲ್ಲ. ಬದನೆಕಾಯಿ ಮಾರುವವಳಿಗೆ ಆಗುತ್ತದೆ. ಹೋದ ತಿಂಗಳು ಬ್ಯಾಂಕಿನಲ್ಲಿ ಜಪಾನ್ ಸಿಕ್ಕಿದ್ದ, ತಲೆ ಪೂರ್ತಿ ಬೋಳಾಗಿದೆ. ದಕ್ಷಿಣ ಕೊರಿಯಾ ನವಲಗುಂದದ ಕಡೆ ಮಾಸ್ತರನಾಗಿದ್ದಾನಂತೆ. ಅಮೆರಿಕಗಳಂತೂ ನನಗೆ ಬಹಳ ಮಂದಿ ಇದ್ದಾರೆ. ನನಗೆ ಗೊತ್ತಿದ್ದಂತೆ ಅವರಲ್ಲಿ ಒಬ್ಬನೂ ಆ ದೇಶ ನೋಡಿಲ್ಲ.

ನಾನು ಧಾರವಾಡದ ಒಂದು ಖಾಸಗಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವನು. ಮೂವತ್ತು ವರ್ಷಕ್ಕೂ ಮಿಕ್ಕಿದ ನೌಕರಿಯಲ್ಲಿ ಹೆಚ್ಚಾಗಿ ನನ್ನ ಪಾಲಿಗೆ ಬಂದ ಪೇಪರಿನ ಹೆಸರು 'ತುಲನಾತ್ಮಕ ಆರ್ಥಿಕ ವ್ಯವಸ್ಥೆಗಳು'. ಯಾವ ದೇಶ ತನ್ನ ಬಂಡವಾಳವನ್ನು ಹೇಗೆ ಅಂಕೆಯಲ್ಲಿಟ್ಟುಕೊಂಡಿದೆ, ಯಾವ ದೇಶ ಅದನ್ನು ಹೇಗೆ ಬಿಟ್ಟುಕೊಟ್ಟಿದೆ ಎಂದು ಹೋಲಿಸಿ ಹೇಳುವುದು ನನ್ನ ಕೆಲಸವಾಗಿತ್ತು. ಈಗ ಇದೇ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಮಾಳಮಡ್ಡಿಯ ನಮ್ಮ ಮನೆ ಹುಡುಕಿಕೊಂಡು ಬಂದು, "ಏನರೆ ಟಿಪ್ಸ್ ಕೊಡ್ರಿ ಸರ್" ಎನ್ನುತ್ತಾರೆ. ನನ್ನ ಹತ್ತಿರ ಟಿಪ್ಸ್ ಇಲ್ಲ. ಏನೇನಾಯಿತು ಅದನ್ನು ಹೇಳಬಲ್ಲೆ. ಕೇಳಿದ ಮೇಲೂ ಈ ಕೆಲಸಕ್ಕೆ ಸೇರುವವರು ಸೇರಲಿ.

ನಾನು ಸೇರಿದಾಗ ವಿಭಾಗದ ಮುಖ್ಯಸ್ಥರಾಗಿದ್ದವರು ನಾಡಗೀರ ಸರ್. ಟೊಪ್ಪಿಗೆ ಬಿಟ್ಟ ಮೊದಲ ತಲೆಮಾರಿನವರು, ಕೋಟು ಬಿಡದ ಕೊನೆಯ ತಲೆಮಾರಿನವರು. ತರಗತಿಗೆ ಬಂದವರೇ ಹಲಗೆಯ ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆಯುತ್ತಿದ್ದರು. ಎಡಕ್ಕೆ ಬಂಡವಾಳಶಾಹಿ, ಬಲಕ್ಕೆ ಸಮಾಜವಾದ. ಎಡಗಡೆ ಐದು ಗುಣ, ಐದು ದೋಷ. ಬಲಗಡೆಯೂ ಅಷ್ಟೆ. ಕೊನೆಗೆ ಕೆಳಗೆ 'ಮಿಶ್ರ ಅರ್ಥವ್ಯವಸ್ಥೆ' ಎಂದು ಬರೆದು, ಸುತ್ತ ಒಂದು ಚೌಕ ಹಾಕಿ, ಕೈಗೆ ಹತ್ತಿದ ಸೀಮೆಸುಣ್ಣ ಝಾಡಿಸಿದರೆ ಜಗತ್ತು ಮುಗಿಯುತ್ತಿತ್ತು. ನಾನು ಹೊಸಬ, ಹುರುಪು ಜಾಸ್ತಿ. ಒಂದು ದಿನ ಹೇಳಿಯೇಬಿಟ್ಟೆ.

"ಸರ್, ಎಡಗಡೆ ಇರೋ ದೇಶ ಎಲ್ಲಾ ಒಂದ ನಮೂನಿ ಇಲ್ಲಲ್ರಿ. ಜರ್ಮನ್ಯಾಗ ದೊಡ್ಡ ದೊಡ್ಡ ಕಂಪನಿ ಮಂಡಳ್ಯಾಗ ಕೆಲಸಗಾರರ ಕಡಿಯವ್ರೂ ಕೂಡತಾರ. ಅಮೆರಿಕಾದಾಗ ಹಂಗಿಲ್ಲ."

"ಎಷ್ಟು ಮಾರ್ಕಿಗೆ ಬರತದ ಅದು?" ಎಂದರು ನಾಡಗೀರ ಸರ್.

ಬರುವುದಿಲ್ಲ ಎಂದೆ.

"ಹಂಗಾರ ಸುಮ್ಮನ ಯಾಕ ಹುಡುಗರ ತಲಿ ಕೆಡಸ್ತೀರಿ" ಎಂದು ನನಗೊಂದು ಚಹಾ ತರಿಸಿದರು. ಬೈಯುವ ಬದಲು ಚಹಾ ಕುಡಿಸುವುದು ಅವರ ರೀತಿ. ಆ ಚಹಾ ನನಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು.

ಚೀಟಿಯ ಪದ್ಧತಿ ಶುರುವಾದದ್ದು ಆ ಗೆರೆಯ ಮೇಲಿನ ಸಿಟ್ಟಿನಿಂದ. ಮನೆಗೆ ಬಂದ ಮದುವೆ ಆಮಂತ್ರಣ ಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಬದಿಗೆ ಒಂದೊಂದು ದೇಶದ ಹೆಸರು ಬರೆದು ಬಿಸ್ಕಿಟ್ ಡಬ್ಬಿಯಲ್ಲಿ ಹಾಕಿದೆ. ವರ್ಷದ ಮೊದಲ ತರಗತಿಯಲ್ಲಿ ಪ್ರತಿಯೊಬ್ಬರೂ ಒಂದು ಚೀಟಿ ಎತ್ತಬೇಕು. ವರ್ಷ ಪೂರ್ತಿ ಅವರು ಆ ದೇಶ. ಹಾಜರಿ ಕರೆಯುವಾಗಲೂ ಅದೇ ಹೆಸರು. ಡಬ್ಬಿಯಲ್ಲಿ ಭಾರತ ಇರುತ್ತಿರಲಿಲ್ಲ. ಅದು ಬೇರೆ ಪೇಪರು, ಎಲ್ಲರಿಗೂ ಕಡ್ಡಾಯ. ಪರೀಕ್ಷೆ ಮುಗಿದ ಮೇಲೆ ಚೀಟಿ ತಮ್ಮಲ್ಲೇ ಇಟ್ಟುಕೊಳ್ಳಬಹುದು, ಮುಂದಿನ ವರ್ಷಕ್ಕೆ ನಾನು ಹೊಸದು ಬರೆಯುತ್ತಿದ್ದೆ. ಧಾರವಾಡದಲ್ಲಿ ಮದುವೆ ಪತ್ರಿಕೆಗಳಿಗೇನೂ ಬರವಿರಲಿಲ್ಲ.

ಆಟ ಹೀಗೆ ನಡೆಯುತ್ತಿತ್ತು. "ವ್ಯಾಪಾರ ಬಿತ್ತು, ಕಾರ್ಖಾನೆಯಲ್ಲಿ ಕೆಲಸ ಅರ್ಧವಾಯಿತು. ಈಗ ಏನು ಮಾಡುತ್ತೀರಿ?" ಎಂದು ಕೇಳುತ್ತಿದ್ದೆ. ಅಮೆರಿಕ ಎದ್ದು ನಿಂತು, "ಅರ್ಧಾ ಮಂದೀನ್ನ ಸೋಮಾರದಿಂದ ಬರಬ್ಯಾಡ್ರಿ ಅಂತೇನಿ ಸರ್" ಎನ್ನುತ್ತಿತ್ತು. ಜರ್ಮನಿ, ಯಾರನ್ನೂ ತೆಗೆಯುವುದಿಲ್ಲ, ಎಲ್ಲರ ತಾಸು ಕಡಿಮೆ ಮಾಡಿ ಸಂಬಳದ ಕೊರತೆಯನ್ನು ಸರಕಾರದಿಂದ ತುಂಬಿಸುತ್ತೇನೆ ಎನ್ನುತ್ತಿತ್ತು. ಜಪಾನ್ ತನ್ನವರನ್ನು ಬೇರೆ ವಿಭಾಗಕ್ಕೆ ಕಳಿಸುತ್ತಿತ್ತು. ಸ್ವೀಡನ್, ಕಾರ್ಖಾನೆ ಮುಚ್ಚಿದರೆ ಮುಚ್ಚಲಿ, ಮನುಷ್ಯ ಮುಳುಗಬಾರದು, ಅವನಿಗೆ ಹೊಸ ಕೆಲಸ ಕಲಿಸಿ ಅಲ್ಲಿಯತನಕ ಸಾಕುತ್ತೇನೆ ಎನ್ನುತ್ತಿತ್ತು. ಒಂದು ವರ್ಷ ಚೀನಾ ಬಂದಿದ್ದ ಹುಡುಗ, "ವ್ಯಾಪಾರ ಬಿದ್ದೇತಿ ಅಂತ ಯಾರ್ ಹೇಳಿದ್ರೋ ಅವನ್ನ ಮದಲ ಹಿಡಸ್ತೇನ್ರಿ" ಎಂದ. ತರಗತಿ ಬಿದ್ದು ಬಿದ್ದು ನಕ್ಕಿತು. ಎಲ್ಲ ಕಡೆಯೂ ಮಾಲೀಕರಿದ್ದಾರೆ, ಎಲ್ಲ ಕಡೆಯೂ ಲಾಭವಿದೆ, ಆದರೆ ಬಿದ್ದವನನ್ನು ಏನು ಮಾಡುತ್ತಾರೆ ಎಂಬಲ್ಲಿ ದೇಶಗಳು ಬೇರೆಯಾಗುತ್ತವೆ ಎಂಬುದು ಆ ಹುಡುಗರಿಗೆ ಗೆರೆ ಎಳೆಯದೆಯೇ ತಿಳಿಯುತ್ತಿತ್ತು.

ಶುರುವಿನ ವರ್ಷಗಳಲ್ಲೇ ಒಂದು ಪೇಚು ಬಂತು. ಬಸವರಾಜ ಎಂಬ ಹುಡುಗನಿಗೆ ಸೋವಿಯತ್ ಒಕ್ಕೂಟ ಬಂದಿತ್ತು. ಅಪ್ಪ ಅಮರಗೋಳದ ಕೃಷಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯವರು. ಮಗ ವ್ಯಾಪಾರಸ್ಥರ ಮನೆಯವನಾದರೂ ಪಂಚವಾರ್ಷಿಕ ಯೋಜನೆಗಳನ್ನು ಮನಸ್ಸಿಟ್ಟು ಓದಿದ್ದ. ಚಳಿಗಾಲದ ಒಂದು ಬೆಳಿಗ್ಗೆ ಪತ್ರಿಕೆ ಕೈಯಲ್ಲಿ ಹಿಡಿದು ವಿಭಾಗದ ಬಾಗಿಲಲ್ಲಿ ನಿಂತಿದ್ದ.

"ಸರ್, ನನ್ನ ದೇಶ ಹೋತ್ರಿ."

ನಾನು ಅವನನ್ನು ನಾಡಗೀರ ಸರ್ ಹತ್ತಿರ ಕರೆದುಕೊಂಡು ಹೋದೆ. ಅವರೂ ಪತ್ರಿಕೆ ಓದಿಯೇ ಬಂದಿದ್ದರು. ಕನ್ನಡಕ ತೆಗೆದು ಒರೆಸಿ, "ಯೂನಿವರ್ಸಿಟಿಯಿಂದ ಸರ್ಕ್ಯುಲರ್ ಬಂದದೇನು?" ಎಂದು ಕೇಳಿದರು. ಬಂದಿರಲಿಲ್ಲ. "ಹಂಗಾರ ಇನ್ನೂ ಅದ. ಪಠ್ಯಕ್ರಮದಾಗ ಇರೋತನಕ ಅದ. ನೀ ಓದಪಾ."

ಪಠ್ಯಕ್ರಮ ಬದಲಿಸುವ ಸಮಿತಿ ಆ ವರ್ಷ ಸೇರಲಿಲ್ಲ, ಮರು ವರ್ಷವೂ ಸೇರಲಿಲ್ಲ. ಜಗತ್ತಿನ ನಕ್ಷೆಯಿಂದ ಅಳಿಸಿಹೋದ ದೇಶವನ್ನು ನಾವು ಧಾರವಾಡದಲ್ಲಿ ನಡೆಸಿದೆವು. ಹುಡುಗರು ವರ್ತಮಾನ ಕಾಲದಲ್ಲೇ ಉತ್ತರ ಬರೆದರು, ನಾವು ಹಾಗೇ ಅಂಕ ಹಾಕಿದೆವು. ಭೂತಕಾಲದಲ್ಲಿ ಬರೆದ ಒಬ್ಬ ಜಾಣನಿಗೆ ಮೌಲ್ಯಮಾಪಕರು ಅಂಕ ಕಡಿದರೆಂದು ಆಮೇಲೆ ಕೇಳಿದೆ. ಬಸವರಾಜ ಎರಡನೆಯ ದರ್ಜೆಯಲ್ಲಿ ಪಾಸಾಗಿ ಅಪ್ಪನ ಅಂಗಡಿಯಲ್ಲಿ ಕುಳಿತ.

ಅಲ್ಲಿಂದ ಮುಂದೆ ಪ್ರತಿ ವರ್ಷ ಹುಡುಗರನ್ನು ಅವನ ಅಂಗಡಿಗೇ ಕರೆದುಕೊಂಡು ಹೋಗುತ್ತಿದ್ದೆ. ಪುಸ್ತಕದಲ್ಲಿ ಪರಿಪೂರ್ಣ ಪೈಪೋಟಿ ಎಂಬುದೊಂದಿದೆ: ಕೊಳ್ಳುವವರು ಬಹಳ, ಮಾರುವವರು ಬಹಳ, ದರ ಎಲ್ಲರಿಗೂ ಗೊತ್ತು. ಆಗಿನ್ನೂ ಕೆಲವು ಮುದುಕ ವ್ಯಾಪಾರಿಗಳು ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ದರ ಮುಗಿಸುತ್ತಿದ್ದರು. ಮೂಟೆಯ ಹತ್ತಿರ ನಿಂತ ರೈತ ಟವೆಲ್ಲಿನ ಅಲುಗಾಟ ನೋಡುತ್ತಿದ್ದ. ಮೆಣಸಿನಕಾಯಿಯ ಘಾಟಿಗೆ ಕೆಮ್ಮುತ್ತ ನಮ್ಮ ಹುಡುಗರೂ ನೋಡುತ್ತಿದ್ದರು. ಆಮೇಲೆ ಟವೆಲ್ ಹೋಗಿ ಚೀಟಿಯ ಟೆಂಡರು ಬಂತು, ಅದೂ ಹೋಗಿ ಕಂಪ್ಯೂಟರು ಬಂತು. ಕೊನೆಕೊನೆಗೆ ಹುಡುಗರು, "ಸರ್, ಇಲ್ಲೆ ನೋಡೂದ ಏನೈತ್ರಿ, ಎಲ್ಲಾ ಫೋನಿನ್ಯಾಗ ಐತಿ" ಎನ್ನತೊಡಗಿದರು. ಬಸವರಾಜ ಆಗಲೂ ಎಲ್ಲರಿಗೂ ಮಂಡಕ್ಕಿ ತರಿಸಿ, ಅಂಗಡಿಯ ಗಾದಿಯ ಮೇಲಿಂದಲೇ, "ನಾ ಸೋವಿಯತ್ ಒಕ್ಕೂಟ ಆಗಿದ್ದೆ. ಯಾರರೆ ರಷ್ಯಾ ಬಂದೀರೇನು?" ಎಂದು ವಿಚಾರಿಸುತ್ತಿದ್ದ.

ಇನ್ನು ಶೈಲಾಳ ವಿಷಯ. ಇಲ್ಲಿಯತನಕ ಹೇಳಿದ್ದೆಲ್ಲ ಇದಕ್ಕಾಗಿಯೇ ಹೇಳಿದ್ದು.

ಶೈಲಾ ಹುಬ್ಬಳ್ಳಿಯಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿ. ಅವಳಿಗೆ ಸ್ವೀಡನ್ ಬಂದ ದಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, "ಇದು ಎಲ್ಲಿ ಬರತೈತ್ರಿ ಸರ್?" ಎಂದು ಕೇಳಿದಳು. ಹಿಂಬದಿಯಲ್ಲಿ ಯಾರದೋ ಮದುವೆಯ 'ತಮ್ಮ ಆಗಮನಾಭಿಲಾಷಿಗಳು' ಎಂಬ ಅಚ್ಚು ಉಳಿದಿತ್ತು. ಅವಳ ಪಕ್ಕದ ಹುಡುಗಿಯರು ಅದನ್ನು ನೋಡಿ ಕಾಡಿಸಿದರು. ವರ್ಷ ಮುಗಿಯುವಷ್ಟರಲ್ಲಿ ಗ್ರಂಥಾಲಯದಲ್ಲಿ ಆ ದೇಶದ ಬಗ್ಗೆ ಇದ್ದದ್ದನ್ನೆಲ್ಲ ಓದಿ ಮುಗಿಸಿದ್ದಳು. ತೆರಿಗೆ ಅಷ್ಟು ಜಾಸ್ತಿ ಇದ್ದರೂ ಜನ ಯಾಕೆ ತುಂಬುತ್ತಾರೆ ಎಂದು ಅಮೆರಿಕದ ಹುಡುಗ ಕೇಳಿದಾಗ, "ತಮಗ ತಿರುಗಿ ಬರತೈತಿ ಅಂತ ಅವ್ರಿಗೆ ಖಾತ್ರಿ ಐತಿ. ನಿನಗ ಖಾತ್ರಿ ಇಲ್ಲ, ಅದಕ್ಕ ಕೇಳಾಕತ್ತಿ" ಎಂದು ಅವನ ಬಾಯಿ ಮುಚ್ಚಿಸಿದ್ದಳು. ಎಂ.ಎ. ಮುಗಿಸಿ ನಮ್ಮ ಕಾಲೇಜಿಗೇ ಅತಿಥಿ ಉಪನ್ಯಾಸಕಿಯಾಗಿ ಬಂದಳು.

ಅತಿಥಿ ಎಂಬ ಪದವನ್ನು ಈ ಹುದ್ದೆಗೆ ಯಾರು ಇಟ್ಟರೋ ತಿಳಿಯದು. ಯಾವ ಮನೆಯಲ್ಲೂ ಅತಿಥಿಯನ್ನು ಹೀಗೆ ನಡೆಸಿಕೊಳ್ಳುವುದಿಲ್ಲ. ಬೇಸಿಗೆ ಬಂದರೆ ಬಿಡುಗಡೆ, ಮಳೆಗಾಲಕ್ಕೆ ಮತ್ತೆ ಅರ್ಜಿ. ರಜೆ ಇಲ್ಲ, ಪಿಂಚಣಿ ಇಲ್ಲ, ಸ್ಟಾಫ್ ರೂಮಿನಲ್ಲಿ ಸ್ವಂತದ್ದೊಂದು ಕಪಾಟೂ ಇಲ್ಲ. ವರ್ಷಗಟ್ಟಲೆ ಹಾಗೇ ನಡೆಯಿತು. ಕಾಯಂ ನೇಮಕಾತಿ ಆಗುತ್ತದೆ ಎಂದು ನಾನು ಹೇಳುತ್ತಿದ್ದೆ, ಅವಳೂ ನಂಬುತ್ತಿದ್ದಳು. ನಾನು ವಿಭಾಗದ ಮುಖ್ಯಸ್ಥನಾದ ಮೇಲೆ ನಮ್ಮ ಪೇಪರನ್ನು ಅವಳಿಗೇ ಕೊಟ್ಟೆ, ಡಬ್ಬಿಯನ್ನೂ. ನನಗಿಂತ ಚೆನ್ನಾಗಿ ಕಲಿಸಿದಳು. ಹಾಜರಿಯಲ್ಲಿ ಅವಳು ದೇಶಗಳನ್ನು ಕರೆಯುವುದನ್ನು ಹೊರಗಿನ ಪಡಸಾಲೆಯಲ್ಲಿ ನಿಂತು ಎಷ್ಟೋ ಸಲ ಕೇಳಿದ್ದೇನೆ.

ನನ್ನ ಸೇವೆಯ ಕೊನೆಯ ವರ್ಷ ಹೊಸ ಪದ್ಧತಿ ಬಂತು. ಇನ್ನು ಪೇಪರುಗಳನ್ನು ಹುಡುಗರೇ ಆರಿಸಿಕೊಳ್ಳುತ್ತಾರೆ, ಸಾಕಷ್ಟು ಮಂದಿ ಆರಿಸದ ಪೇಪರು ಬಂದ್. ನಮ್ಮ ಪೇಪರು ಬಂದಾದರೆ ಶೈಲಾಳ ಕೆಲಸವೂ ಹೋದಂತೆಯೇ. ಅದೇ ವರ್ಷ ಅವಳು, ಮದುವೆಯಾಗಿ ಬಹಳ ಕಾಲದ ಮೇಲೆ, ಬಸುರಿಯಾಗಿದ್ದಳು. ತುಂಬಿದ ಹೊಟ್ಟೆಯಲ್ಲಿ ನೋಟಿಸ್ ಬೋರ್ಡಿನ ಪಕ್ಕ ನಿಂತು, ಬಂದ ಬಂದವರನ್ನು, "ಬರ್ರೆವಾ, ನಮ್ಮ ಪೇಪರ್ ತೊಗೋರಿ, ಛಲೋ ಇರತೈತಿ" ಎಂದು ಕರೆಯುತ್ತಿದ್ದಳು. ಎದುರಿಗೆ ವಾಣಿಜ್ಯ ವಿಭಾಗದವರು ಡಿಜಿಟಲ್ ಮಾರ್ಕೆಟಿಂಗ್ ಎಂಬ ಪೇಪರಿಗೆ ಬಣ್ಣದ ಬ್ಯಾನರ್ ಕಟ್ಟಿದ್ದರು. ಜಗತ್ತಿನ ಬಂಡವಾಳಶಾಹಿಗಳನ್ನೆಲ್ಲ ಹೋಲಿಸಿ ಕಲಿಸಿದ ನಾನು ಕೊನೆಗೆ ಅವುಗಳಲ್ಲೊಂದರ ಅಂಗಡಿಕಟ್ಟೆಯ ಮೇಲೆ ಕರಪತ್ರ ಹಿಡಿದು ನಿಂತಿದ್ದೆ. ನನಗೆ ನಾಚಿಕೆಯಾಯಿತು. ಅವಳಿಗೆ ನಾಚಿಕೆಪಡಲು ಪುರುಸೊತ್ತಿರಲಿಲ್ಲ.

ನಮ್ಮನ್ನು ಉಳಿಸಿದವಳು ಬಸವರಾಜನ ಮಗಳು ರೂಪಾ. ಅವಳು ಅದೇ ವರ್ಷ ನಮ್ಮ ತರಗತಿಗೆ ಬಂದಿದ್ದಳು. ಅಪ್ಪನಿಂದ ಡಬ್ಬಿಯ ಕಥೆ ಕೇಳುತ್ತಲೇ ಬೆಳೆದವಳು, ತನ್ನ ಗೆಳತಿಯರ ಹಿಂಡನ್ನೇ ಕರೆತಂದಳು. ಪೇಪರು ಉಳಿಯಿತು. ಶೈಲಾ ಆ ದಿನ ಸ್ಟಾಫ್ ರೂಮಿನಲ್ಲಿ ಕುಳಿತು ಅತ್ತಳು.

ಹೆರಿಗೆಯ ದಿನ ಹತ್ತಿರ ಬಂದಾಗ ನಾನು ಪ್ರಿನ್ಸಿಪಾಲರ ಹತ್ತಿರ ಹೋದೆ. ಅವಳು ತಿರುಗಿ ಬರುವತನಕ ಅವಳ ತರಗತಿಗಳನ್ನು ನಾನೇ ನೋಡಿಕೊಳ್ಳುತ್ತೇನೆ, ನನಗೆ ಏನೂ ಕೊಡಬೇಡಿ ಎಂದೆ. ಅವರು ಕೆಟ್ಟವರಲ್ಲ. ನನ್ನನ್ನು ಕೂಡ್ರಿಸಿ ತಿಳಿಸಿ ಹೇಳಿದರು.

"ನೀವು ತೊಗೊಂಡ್ರ ಅದು ನಿಮ್ಮ ವರ್ಕ್‌ಲೋಡಿನ್ಯಾಗ ಸೇರತದ. ಆವಾಗ ಅತಿಥಿ ಉಪನ್ಯಾಸಕರು ಬೇಕಾಗೇ ಇಲ್ಲ ಅಂತ ಆಗತದ. ಆಕೀ ಕೆಲಸ ಹೋತು."

"ಹಂಗಾರ ಆಕಿ ಬರೂತನಕ ಬ್ಯಾರೆ ಯಾರನ್ನರೆ ತಾತ್ಪೂರ್ತಿಕ ತೊಗೋರಿ."

"ತೊಗೊಂಡ್ರ ಆ ವರ್ಕ್‌ಲೋಡ್ ಅವ್ರದಾತು. ಈ ವರ್ಷ ಮುಗಿಯೂತನಾ ಅವ್ರನ್ನ ತಗಿಯಾಕ ಬರಂಗಿಲ್ಲ. ಮುಂದಿನ ವರ್ಷದ ಅರ್ಜಿಯಾಗ, ಈಗ ಕೆಲಸದಾಗ ಇದ್ದವ್ರಿಗೇ ಮದಲನೇ ಅವಕಾಶ. ಆಕೀ ಕೆಲಸ ಆವಾಗೂ ಹೋತು."

"ಮತ್ತ ಏನು ಮಾಡಿದ್ರ ಉಳೀತದ?"

ಅವರು ಪೇಪರ್‌ವೇಟ್ ಒಂದು ಸುತ್ತು ತಿರುಗಿಸಿದರು. "ಆಕೀನ ಬರಬೇಕು" ಎಂದರು.

ಯಾರೂ ಕಲಿಸದೆ ಬಿಟ್ಟರೆ ಮಾತ್ರ ಆ ತರಗತಿ ಅವಳದಾಗಿ ಉಳಿಯುತ್ತದೆ ಎಂದಾಯಿತು. ನಾನು ಇದನ್ನು ಸ್ಟಾಫ್ ರೂಮಿನಲ್ಲಿ ಸಿಟ್ಟಿನಿಂದ ಹೇಳಿದ್ದು ಹುಡುಗಿಯರ ಕಿವಿಗೂ ಬಿತ್ತು. ಆಮೇಲೆ ನಡೆದದ್ದಕ್ಕೆ ಯಾರೂ ನನ್ನ ಅಪ್ಪಣೆ ಕೇಳಲಿಲ್ಲ, ಕೇಳಿದ್ದರೆ ಕೊಡುತ್ತಿದ್ದೆ. ಶೈಲಾ ಹೆರಿಗೆಗೆ ಹುಬ್ಬಳ್ಳಿಯ ತವರಿಗೆ ಹೋದ ಮೇಲೆ ಅವಳ ತಾಸಿಗೆ ಹುಡುಗಿಯರು ತಾವೇ ಬಂದು ಕೂಡತೊಡಗಿದರು. ರೂಪಾ ಹಾಜರಿ ಕರೆಯುತ್ತಿದ್ದಳು. ದೇಶಗಳು ಒಂದೊಂದಾಗಿ ಎದ್ದು ತಮ್ಮ ತಮ್ಮ ವ್ಯವಸ್ಥೆ ಹೇಳಿ ಕೂಡುತ್ತಿದ್ದವು. ಗದ್ದಲವಿಲ್ಲ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಶಿಸ್ತಿನ ತರಗತಿ ನೋಡಿಲ್ಲ.

ಹೆರಿಗೆಯಾಯಿತು, ಸಿಸೇರಿಯನ್. ಹೆಣ್ಣು ಮಗು. ಶೈಲಾಳಿಗೆ ಇನ್ನೂ ನೆಟ್ಟಗೆ ಕೂಡಲು ಬರುತ್ತಿರಲಿಲ್ಲ, ಆಗಲೇ ರೂಪಾಳಿಗೆ ಫೋನ್ ಮಾಡಿ, "ಫೋನ್ ಟೇಬಲ್ ಮ್ಯಾಲೆ ಇಡ, ನಾ ಹೇಳತೇನಿ" ಅಂದಳಂತೆ. ನಾನು ಪಕ್ಕದ ಕೋಣೆಯಲ್ಲಿದ್ದೆ. ಶೈಲಾಳ ದನಿ ಕೇಳಿ ತಿರುಗಿ ಬಂದಳೇ ಎಂದು ಓಡಿ ಹೋಗಿ ನೋಡಿದರೆ, ಟೇಬಲ್ಲಿನ ಮೇಲೆ ಡಸ್ಟರಿಗೆ ಆನಿಸಿಟ್ಟ ಫೋನು, ಮುಂದೆ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿರುವ ಹುಡುಗಿಯರು. ಅಂದಿನ ಪಾಠ ಸ್ವೀಡನ್ನಿನದು. ಮಗುವಾದಾಗ ಅಲ್ಲಿ ತಂದೆ ತಾಯಿ ಇಬ್ಬರಿಗೂ ಹಂಚಿಕೊಳ್ಳಲು ವರ್ಷಕ್ಕೂ ಮಿಕ್ಕಿದ ರಜೆ ಇದೆ, ಹೆಚ್ಚಿನ ದಿನಗಳಿಗೆ ಸಂಬಳದ ದೊಡ್ಡ ಪಾಲು ಸಿಗುತ್ತದೆ, ಕೆಲಸ ಹಾಗೇ ಕಾದಿರುತ್ತದೆ ಎಂದು ಶೈಲಾ ಹೇಳುತ್ತಿದ್ದಳು. ನಡುವೆ ಕೂಸು ಅತ್ತಿತು. "ಒಂದ್ ಮಿನಿಟ್ ತಡೀರೆವಾ" ಎಂದಳು. ಸ್ವಲ್ಪ ಹೊತ್ತು ಅಳು ಮಾತ್ರ ಕೇಳಿಸಿತು. ಆಮೇಲೆ ಕೂಸನ್ನು ಎದೆಗೆ ಹಾಕಿಕೊಂಡಿರಬೇಕು, ಅಳು ನಿಂತಿತು, ಪಾಠ ಮುಂದುವರಿಯಿತು. ಹುಡುಗಿಯರಲ್ಲಿ ಒಬ್ಬಳು ಬರೆಯುವುದನ್ನು ಬಿಟ್ಟು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಪ್ರಿನ್ಸಿಪಾಲರು ಬಂದು ನನ್ನ ಹಿಂದೆ ನಿಂತಿದ್ದು ನನಗೆ ಗೊತ್ತಾಗಿರಲಿಲ್ಲ. ಅವರು ಪಾಠ ಮುಗಿಯುವತನಕ ಕಾಯ್ದರು. ನಂತರ ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ, "ಹಿಂಗ ನಡಿಯಂಗಿಲ್ರಿ. ನಾಳೆ ಯಾರರೆ ಕಂಪ್ಲೇಂಟ್ ಕೊಟ್ರ ನನ್ನ ಕುತ್ತಿಗಿಗೆ ಬರತದ" ಎಂದರು. ಮುಂದಿನ ವಾರ ಹೊಸ ಅತಿಥಿ ಉಪನ್ಯಾಸಕ ಬಂದ. ಸಾಧು ಹುಡುಗ. ಅವನಿಗೂ ಕೆಲಸ ಬೇಕಾಗಿತ್ತು, ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಆದರೆ ಅವನು ದೇಶಗಳನ್ನು ಬಿಟ್ಟು ನೋಟ್ಸ್ ಬರೆಸಿದ. ಕೆಲವು ತಿಂಗಳಲ್ಲಿ ನಾನು ನಿವೃತ್ತನಾದೆ. ಮರು ವರ್ಷ ಅವನ ಪೇಪರನ್ನು ಯಾರೂ ಆರಿಸಲಿಲ್ಲ, ಅವನೂ ಹೋದ.

ಬಸವರಾಜ ಒಂದು ದಿನ ಮನೆಗೆ ಬಂದಾಗ ಇದನ್ನೇ ಮಾತಾಡುತ್ತಿದ್ದೆವು. "ನನ್ನ ದೇಶ ಸತ್ತ ಮ್ಯಾಲೂ ಕಾಲೇಜಿನವ್ರು ಅದನ್ನ ಇಟಗೊಂಡಿದ್ರು ಸರ್. ಶೈಲಾಂದು ಜೀವಂತ ದೇಶ, ಆಕೀನ್ನ ಇಟಗೊಳ್ಳಲಿಲ್ಲ" ಎಂದ. ಚಹಾ ಕುಡಿದು ಎದ್ದ.

ಇತ್ತೀಚೆಗೆ ಶೈಲಾ ಬಂದಿದ್ದಳು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು. ಕೂಸು ಈಗ ಗೋಡೆ ಹಿಡಿದು ನಡೆಯುತ್ತದೆ. ಸಪ್ತಾಪುರದ ಒಂದು ಕೋಚಿಂಗ್ ಕ್ಲಾಸಿನಲ್ಲಿ ತಾಸಿನ ಲೆಕ್ಕಕ್ಕೆ ಕಲಿಸುತ್ತಿದ್ದಾಳಂತೆ. ಅಲ್ಲಿಗೆ ಬರುವವರು ಬಾಡಿಗೆ ರೂಮುಗಳಲ್ಲಿದ್ದುಕೊಂಡು ಸರಕಾರಿ ನೌಕರಿಯ ಪರೀಕ್ಷೆಗಳಿಗೆ ಓದುವ ಹುಡುಗರು.

"ಅಲ್ಲೆ ಸ್ವೀಡನ್ ಬರತೈತೇನವಾ?" ಎಂದು ಕೇಳಿದೆ.

"ಬರತೈತ್ರಿ ಸರ್. ರಾಜಧಾನಿ ಯಾವುದು ಅಂತ. ಒಂದ ಮಾರ್ಕಿಗೆ."

ನಾಡಗೀರ ಸರ್ ಇದ್ದಿದ್ದರೆ ಒಪ್ಪುತ್ತಿದ್ದರು. ನಮ್ಮ ಮನೆಯಾಕೆ ಕೂಸಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದಳು. ಶೈಲಾ, ಡಬ್ಬಿ ಎಲ್ಲಿದೆ ಎಂದು ಕೇಳಿದಳು. ಆ ವರ್ಷಕ್ಕೆಂದು ಬರೆದು ಉಳಿದ ಚೀಟಿಗಳಿದ್ದ ಡಬ್ಬಿಯನ್ನು ನಿವೃತ್ತಿಯ ದಿನ ನಾನೇ ಮನೆಗೆ ತಂದಿದ್ದೆ.

"ನನಗ ಕೊಡ್ತೀರೇನ್ರಿ? ಕ್ಲಾಸ್ ಸುರು ಆಗೂಕಿಂತ ಮದಲ ಸ್ವಲ್ಪ ಹೊತ್ತು ಖಾಲಿ ಇರತೈತಿ. ಒಂದೊಂದು ದೇಶ ಹಂಚತೇನಿ. ಮಾಲಕರಿಗೆ ಹೇಳಂಗಿಲ್ಲ."

ನನಗೆ ಬಹಳ ದಿನಗಳ ಮೇಲೆ ಸಂತೋಷವಾಯಿತು. ಅಟ್ಟದ ಮೇಲಿಂದ ಡಬ್ಬಿ ಇಳಿಸಿ, ಧೂಳು ಒರೆಸಿ ಕೊಟ್ಟೆ. ಅವಳು ಮುಚ್ಚಳ ತೆಗೆದು ಚೀಟಿಗಳನ್ನು ಒಂದೊಂದಾಗಿ ನೋಡತೊಡಗಿದಳು. ಜರ್ಮನಿ, ಜಪಾನ್, ಕೊರಿಯಾ, ಅಮೆರಿಕ. ಸ್ವೀಡನ್ ಬಂದಾಗ ಅದನ್ನು ಮಾತ್ರ ಬೇರೆ ತೆಗೆದಳು. ಆಮೇಲೆ ತನ್ನ ಪರ್ಸಿನೊಳಗಿಂದ ಇನ್ನೊಂದನ್ನು ತೆಗೆದಳು. ಅವಳು ವಿದ್ಯಾರ್ಥಿನಿಯಾಗಿದ್ದಾಗ ಎತ್ತಿದ ಚೀಟಿ, ಅಂಚು ಸವೆದು ಬಟ್ಟೆಯ ತುಂಡಿನಂತೆ ಮೆತ್ತಗಾಗಿತ್ತು. ಎರಡನ್ನೂ ಸೇರಿಸಿ ನನ್ನ ಕೈಯಲ್ಲಿಟ್ಟಳು.

"ಇವು ನಿಮ್ಮ ಕಡೇನ ಇರ್ಲಿ ಸರ್."

"ಯಾಕವಾ? ಅದು ನಿನ್ನ ದೇಶ."

"ಡಬ್ಬ್ಯಾಗ ಇದ್ರ ಯಾರಿಗರೆ ಬರತೈತ್ರಿ" ಎಂದಳು. ಕೂಸನ್ನು ಎತ್ತಿಕೊಂಡು ಅದರ ಬಾಯಿ ಒರೆಸಿದಳು. "ಹುಡುಗ್ರು ನಂಬಿ ಬಿಡತಾವ."

ಆ ದೇಶ ಖರೇನೇ ಇದೆ, ಅಲ್ಲಿ ಹಾಗೆ ನಡೆಯುತ್ತದೆ ಎಂದು ವರ್ಷಗಟ್ಟಲೆ ಹೇಳಿದವನು ನಾನು. ಅವಳು ಮೆಟ್ಟಿಲು ಇಳಿದು ರಸ್ತೆಯ ತಿರುವಿನಲ್ಲಿ ಮರೆಯಾಗುವತನಕ ನಾನು ಎರಡೂ ಚೀಟಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ.